ಹೆಲ್ಮೆಟ್ಟಿನ ಮೇಲೆ ಬರೆದ ಹೆಸರು

ಕಳೆದ ವಾರ ನಮ್ಮ ಮನೆಯ ಗೇಟಿಗೆ ಹೆಸರು ಬರೆಯಲು ಪೇಂಟರ್ ಬಂದಿದ್ದ. ಕಪ್ಪು ಗೇಟು, ಬಿಳಿ ಅಕ್ಷರ ಎಂದು ಹೆಂಡತಿ ಐರಿನ್ ಮೊದಲೇ ಹೇಳಿಟ್ಟಿದ್ದಳು. ಅವನು ಡಬ್ಬಿ ತೆರೆದು ತಿನ್ನರ್ ಸುರಿದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನನ್ನ ನಾಲಗೆ ತಾನಾಗಿ ಮೇಲಿನ ಸಾಲಿನ ಎಡಗಡೆಗೆ ಹೋಗಿ, ಅಲ್ಲಿ ಕಟ್ಟಿಸಿಕೊಂಡಿರುವ ಎರಡು ಹಲ್ಲುಗಳನ್ನು ಮುಟ್ಟಿ ನೋಡಿತು. ಯಾರು ಕೇಳಿದರೂ ಆ ಹಲ್ಲುಗಳ ಬಗ್ಗೆ ನಾನು ಒಂದೇ ಮಾತು ಹೇಳುವುದು: ಕತಾರಿನಲ್ಲಿ ಸೈಟಿನ ಅಟ್ಟಣಿಗೆಯಿಂದ ಬಿದ್ದೆ. ಐರಿನ್‌ಗೂ ಅದನ್ನೇ ಹೇಳಿದ್ದೆ. ಹಸಿ ಸುಳ್ಳು. ಅವನ್ನು ಉದುರಿಸಿದವನು ಒಬ್ಬ ಮನುಷ್ಯ, ಉದುರಿಸಲು ಕಾರಣವಾದದ್ದು ನನ್ನ ಕೊಬ್ಬು.

ಅದು ಇರಾಕ್ ಯುದ್ಧ ಶುರುವಾದ ವರ್ಷ, ಎರಡು ಸಾವಿರದ ಮೂರು. ನನಗಾಗ ಇಪ್ಪತ್ತೊಂಬತ್ತು. ದೋಹಾದ ವೆಸ್ಟ್ ಬೇಯಲ್ಲಿ ಒಂದು ಟವರ್ ಏಳುತ್ತಿತ್ತು, ನಾನು ಅಲ್ಲಿ ಟೈಮ್‌ಕೀಪರ್. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ಬೆಳಗ್ಗೆ ಐದೂವರೆಗೆ ಗೇಟಿನಲ್ಲಿ ನಿಂತು, ಕ್ಯಾಂಪಿನ ಬಸ್ಸುಗಳಿಂದ ಇಳಿದವರಿಗೆ ಹಾಜರಿ ಹಾಕುವುದು, ಆಮೇಲೆ ಪೋರ್ಟಾ ಕ್ಯಾಬಿನ್‌ನಲ್ಲಿ ಕುಳಿತು ರಜೆಯ ಕಾಗದ ಟೈಪ್ ಮಾಡುವುದು, ಇಷ್ಟೇ ಕೆಲಸ. ಆದರೆ ಮುನ್ನೂರು ಜನ ದಿನಾ 'ಸರ್' ಎಂದರೆ ತಲೆ ನಿಲ್ಲುವುದಿಲ್ಲ. ನನ್ನದೂ ನಿಂತಿರಲಿಲ್ಲ.

ದೋಹಾದಲ್ಲಿ ಚಳಿಗಾಲದ ಬೆಳಗು ಎಂದರೆ ಮಂಜು. ಮರಳುಗಾಡಿನಲ್ಲಿ ಎಂತದ್ದು ಮಂಜು ಎಂದು ಊರಿನವರು ನಗುತ್ತಾರೆ. ಸಮುದ್ರದ ಕಡೆಯಿಂದ ಬಂದು ಮುಚ್ಚಿಕೊಂಡರೆ ಎದುರು ನಿಂತವನ ಮುಖ ಕಾಣದು. ಆ ಜನವರಿಯ ಒಂದು ಬೆಳಗ್ಗೆ ಅಂಥ ಮಂಜಿನಲ್ಲಿ ನೀರಿನ ಟ್ಯಾಂಕರೊಂದು ಗೇಟಿನೊಳಗೆ ಹಿಂದಕ್ಕೆ ಬಂತು. ಒಂದು ಕೂಗು ಕೇಳಿಸಿತು, ಮತ್ತೆ ಏನೂ ಇಲ್ಲ. ನಾನು ಓಡಿಹೋದಾಗ ಹಿಂದಿನ ಚಕ್ರ ಒಬ್ಬನ ಎದೆ, ಮುಖ ದಾಟಿ ನಿಂತಿತ್ತು. ಎರಡು ನಿಮಿಷದ ಹಿಂದಷ್ಟೇ ನಾನು ಅವನಿಗೆ ಹಾಜರಿ ಹಾಕಿದ್ದೆ. ಯಾರು ಎಂದು ಮ್ಯಾನೇಜರ್ ಕೇಳಿದರು. ಮುಖ ನೋಡಿ ಹೇಳುವಂತಿರಲಿಲ್ಲ. ದೂರಕ್ಕೆ ಉರುಳಿ ಬಿದ್ದಿದ್ದ ಹೆಲ್ಮೆಟ್ ನೋಡಿ ಹೇಳಿದೆ.

ಅದು ನನ್ನದೇ ಪದ್ಧತಿಯಾಗಿತ್ತು. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನವರು ನಾಲ್ಕೈದು ಜನ ಇರುತ್ತಿದ್ದರು. ಕೂಗುವಾಗ ಗೊಂದಲವಾಗುತ್ತದೆ ಎಂದು ಕೆಲವರ ಹೆಲ್ಮೆಟ್ಟಿನ ಮೇಲೆ ಬಿಳಿ ಪೇಂಟಿನಲ್ಲಿ ಅಡ್ಡಹೆಸರು ಬರೆಯುತ್ತಿದ್ದೆ. ಊಟದ ನಂತರ ಕಣ್ಣು ಮುಚ್ಚುವ ಬಡಗಿಗೆ 'ಕುಂಭಕರ್ಣ', ನಾಲ್ಕು ಸಲ ಚಹಾ ಕುಡಿಯುವವನಿಗೆ 'ಚಾಯ್'. ಸತ್ತವನು ಆ 'ಚಾಯ್'. ಅದಾದ ಮೇಲೆ ಮ್ಯಾನೇಜರ್ ಹುಕುಂ ಮಾಡಿದರು: ಎಲ್ಲರ ಹೆಲ್ಮೆಟ್ಟಿನ ಮೇಲೂ ಗುರುತು ಇರಲೇಬೇಕು. ನಾನು ದಿನಾ ಹತ್ತಿಪ್ಪತ್ತು ಜನರಿಗೆ ಹೆಸರಿಡುತ್ತಾ ಹೋದೆ. ಸಾವಿನ ನೆನಪು ಒಂದು ವಾರದಲ್ಲಿ ಮಾಸಿತು, ತಮಾಷೆ ಉಳಿಯಿತು.

ಆಗ ನಾನು ಅಲ್ ಸದ್ದ್‌ನ ಒಂದು ಫ್ಲ್ಯಾಟಿನಲ್ಲಿ ಇಬ್ಬರೊಂದಿಗೆ ಇದ್ದೆ. ಒಬ್ಬ ಕಾರ್ಕಳ ಕಡೆಯ ವಿಲ್ಸನ್, ಇನ್ನೊಬ್ಬ ಮೈಸೂರಿನ ನಾಗರಾಜ. ವಿಲ್ಸನ್ ಮತ್ತು ನಾನು ಕೊಂಕಣಿಯವರಾದರೂ ನಾಗರಾಜನಿಗಾಗಿ ಮನೆಯಲ್ಲಿ ಕನ್ನಡವೇ ನಡೆಯುತ್ತಿತ್ತು. ಫೆಬ್ರವರಿಯಲ್ಲಿ ಯುದ್ಧ ಖಂಡಿತ ಎಂದಾದಾಗ ವಿದೇಶಿ ಎಂಜಿನಿಯರುಗಳು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸತೊಡಗಿದರು. ನಮ್ಮ ಸೈಟಿನ ಫ್ರೆಂಚ್ ಎಂಜಿನಿಯರ್ ತಾನೂ ಹೊರಟ. ಹೋಗುವಾಗ ಒಂದು ಚೀಲ ಡಿವಿಡಿ ನನ್ನ ಮೇಜಿನ ಮೇಲೆ ಇಟ್ಟು, ಎಲ್ಲ ಫ್ರೆಂಚ್ ಸಿನಿಮಾ, ನೀನೇ ಇಟ್ಟುಕೋ ಎಂದ.

ಫ್ರೆಂಚ್ ಸಿನಿಮಾ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ ಅರ್ಥ. ಆ ಶುಕ್ರವಾರ ಮಧ್ಯಾಹ್ನ ವಿಲ್ಸನ್ ಕಿಟಕಿಯ ಪರದೆ ಎಳೆದ, ಬಾಗಿಲ ಚಿಲಕವನ್ನು ಎರಡು ಸಲ ನೋಡಿದ. ನಾಗರಾಜ, ದಿನಾ ಬೆಳಗ್ಗೆ ಊದುಬತ್ತಿ ಹಚ್ಚುವ ಮನುಷ್ಯ, ಗಣಪತಿಯ ಪಟವನ್ನು ಗೋಡೆಯ ಕಡೆ ತಿರುಗಿಸಿಟ್ಟ. ಪರದೆಯ ಮೇಲೆ ಬಂದದ್ದು ಕಪ್ಪು ಬಿಳುಪು. ಒಂದು ಬಂದರು, ಹೊಗೆಯಂಥ ಮಂಜು, ಆ ಮಂಜಿನಲ್ಲಿ ನಡೆದು ಬರುವ ಒಬ್ಬ ಸಿಪಾಯಿ. ಅವನ ತಲೆಯ ಮೇಲೆ ಬಿಸಿಲ ದೇಶದ ಪಲ್ಟನ್ನಿನ ಟೋಪಿ.

"ಎಂತ ಮಾರಾಯ ಇದು," ಎಂದ ವಿಲ್ಸನ್. "ಅರ್ಧ ಗಂಟೆ ಆಯ್ತು, ಬರೀ ಮಂಜು. ಇದಕ್ಕೆ ನಾನು ಚಿಲಕ ಹಾಕಿದ್ದಾ?"

ನಾಗರಾಜ ಗಣಪತಿಯನ್ನು ಮತ್ತೆ ಈ ಕಡೆ ತಿರುಗಿಸಿದ. ಕೆಳಗೆ ಇಂಗ್ಲಿಷ್ ಸಾಲುಗಳು ಓಡುತ್ತಿದ್ದವು. ಯಾರೋ ಆ ಸಿಪಾಯಿಯನ್ನು 'ಡೆಸರ್ಟರ್' ಎಂದರು. "ಡೆಸರ್ಟರ್ ಅಂದ್ರೇನ್ರೀ?" ಎಂದು ನಾಗರಾಜ ಕೇಳಿದ.

ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಗೊತ್ತಿಲ್ಲ ಎನ್ನಲು ನಾಲಗೆ ಬರಲಿಲ್ಲ. "ಡೆಸರ್ಟಿನಲ್ಲಿ ಕೆಲಸ ಮಾಡುವವ. ಪ್ಲಂಬರ್, ವೆಲ್ಡರ್, ಡೆಸರ್ಟರ್. ಅವನ ಟೋಪಿ ನೋಡುದಿಲ್ವಾ?" ಎಂದೆ.

"ಹಾಗಾದ್ರೆ ನಾವು ಮೂವರೂ ಡೆಸರ್ಟರ್ಸ್," ಎಂದ ವಿಲ್ಸನ್. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಸಿಪಾಯಿ ಒಂದು ಹಡಗು ಹತ್ತಿ ಪಾರಾಗಬೇಕು ಎಂಬಷ್ಟು ತಿಳಿಯಿತು. ಹಡಗು ಹೊರಡಲು ಸಿದ್ಧವಾಗುವ ಹೊತ್ತಿಗೆ ಡಿಸ್ಕ್ ಸಿಕ್ಕಿಕೊಂಡಿತು. ಒರೆಸಿದರೂ, ಊದಿದರೂ ಮುಂದೆ ಹೋಗಲಿಲ್ಲ. ಯಾರಿಗೆ ಬೇಕಿತ್ತು ಅದರ ಕೊನೆ? ಬಟ್ಟೆ ಒಗೆಯಲು ಎದ್ದೆವು.

ಮರುದಿನ ಬೆಳಗ್ಗೆ ಹೆಸರಿಲ್ಲದ ಹೆಲ್ಮೆಟ್ ಹಿಡಿದು ಬಂದವನು ಬಸಪ್ಪ. ಪುಸ್ತಕದಲ್ಲಿ ಮೂವರು ಬಸಪ್ಪಂದಿರಿದ್ದರು. ಇವನು ಗೋಕಾಕದ ಕಡೆಯವನು, ಕಬ್ಬಿಣದ ಸರಳು ಕಟ್ಟುವ ಕೆಲಸ, ಮಾತು ಕಡಿಮೆ. ನಮ್ಮ ಸೈಟಿಗೆ ಬರುವ ಮೊದಲು ಎರಡು ವರ್ಷ ದುಖಾನ್ ಕಡೆ ಮರುಭೂಮಿಯಲ್ಲಿ ಪೈಪು ಹಾಕುವ ಕ್ಯಾಂಪಿನಲ್ಲಿದ್ದ. ನನಗೆ ಹೆಸರು ಹುಡುಕಬೇಕಾಗಲೇ ಇಲ್ಲ. ಹಳದಿ ಹೆಲ್ಮೆಟ್ಟಿನ ಹಣೆಯ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಡೆಸರ್ಟರ್ ಎಂದು ಬರೆದು ಕೈಗೆ ಕೊಟ್ಟೆ. ಅವನು ಓದಿದ. ಮುಖದಲ್ಲಿ ಏನೂ ಕಾಣಲಿಲ್ಲ. ತಿರುಗಿ ಹೋದ.

ಹತ್ತು ಗಂಟೆಗೆ ನಾನೊಬ್ಬನೇ ಕ್ಯಾಬಿನ್‌ನಲ್ಲಿದ್ದಾಗ ಅವನು ಒಳಗೆ ಬಂದು ಬಾಗಿಲು ಹಾಕಿದ. ಕೈಯಲ್ಲಿ ಸರಳು ಬಾಗಿಸುವ ಕಬ್ಬಿಣದ ಕೀ.

"ಯಾರ್ ಹೇಳಿದ್ರು ನಿಮಗ?"

"ಏನು ಹೇಳಿದ್ರು?"

ಮೊದಲ ಏಟು ಹೆಗಲಿಗೆ. ನಾನು ಕುರ್ಚಿಯೊಂದಿಗೆ ನೆಲಕ್ಕೆ ಬಿದ್ದೆ. ಅವನು ಎದೆಯ ಮೇಲೆ ಮೊಣಕಾಲು ಊರಿ, ಕೀಯನ್ನು ಗಂಟಲಿಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಮುಷ್ಟಿಯಿಂದ ಬಾಯಿಗೆ ಗುದ್ದಿದ. ಎರಡನೆಯ ಗುದ್ದಿಗೆ ಏನೋ ಮುರಿದು ನಾಲಗೆಯ ಮೇಲೆ ಬಿತ್ತು. ನುಂಗಿಬಿಡುತ್ತೇನೆಂದು ಹೆದರಿ ಉಗುಳಿದೆ. ರಕ್ತ ಅವನ ಅಂಗಿಗೆ ಸಿಡಿಯಿತು.

"ನಾ ಕೇಳಾಕತ್ತೀನಿ. ಯಾರ್ ಹೇಳಿದ್ರು? ಊರಿಂದ ಯಾರರ ಪತ್ರ ಬರದಾರೇನು?"

"ಸಿನಿಮಾ," ಎಂದೆ. ಬಾಯಲ್ಲಿ ಅಕ್ಷರ ನಿಲ್ಲುತ್ತಿರಲಿಲ್ಲ. "ಸಿನಿಮಾದಲ್ಲಿ ಬಂತು. ಡೆಸರ್ಟಲ್ಲಿ ಕೆಲಸ ಮಾಡುವವ ಅಂತ ಬರೆದೆ. ದೇವರಾಣೆ."

ಅವನು ನನ್ನನ್ನೇ ನೋಡಿದ. ನೋಡುತ್ತಾ ನೋಡುತ್ತಾ ಕೀಯ ಮೇಲಿನ ಒತ್ತಡ ಸಡಿಲವಾಯಿತು. ಎದ್ದು ನಿಂತು, ನನ್ನನ್ನೂ ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸಿದ. ನೆಲದಲ್ಲಿ ಬಿದ್ದಿದ್ದ ಎರಡು ಹಲ್ಲು ಹೆಕ್ಕಿ ಮೇಜಿನ ಮೇಲಿಟ್ಟ. "ತಪ್ಪಾತು," ಎಂದ. "ಪೊಲೀಸರಿಗೆ ಹೇಳ್ರಿ. ನಾ ಇಲ್ಲೇ ಕುಂದರ್ತೀನಿ."

ಮೇಜಿನ ಕೆಳಗಿನ ಡಿಕ್ಷನರಿ ತೆಗೆದೆ. ರಕ್ತದ ಬೆರಳಿನಿಂದಲೇ ಪುಟ ಮಗುಚಿದೆ. ಅರ್ಥ ಇಂಗ್ಲಿಷಿನಲ್ಲೇ ಇತ್ತು, ಆದರೂ ಈ ಸಲ ತಿಳಿಯಿತು: ಸೈನ್ಯ ಬಿಟ್ಟು ಓಡಿಹೋದವನು. ನಾನು ಪೊಲೀಸರಿಗೆ ಹೇಳಲಿಲ್ಲ. ಒಳ್ಳೆಯತನವೇನೂ ಅಲ್ಲ, ನಾಚಿಕೆ. ಅಟ್ಟಣಿಗೆಯಿಂದ ಬಿದ್ದೆ ಎಂಬ ಕತೆ ಅವತ್ತು ಹುಟ್ಟಿದ್ದು.

ತಿನ್ನರ್ ತಂದು ಹೆಲ್ಮೆಟ್ ಉಜ್ಜಿದೆ. ಬಿಳಿ ಬಣ್ಣವೇನೋ ಹೋಯಿತು. ಆದರೆ ತಿನ್ನರ್ ಪ್ಲಾಸ್ಟಿಕ್ಕನ್ನೇ ತಿಂದು, ಅಕ್ಷರಗಳಿದ್ದ ಜಾಗ ಮಾಸಲಾಗಿ ಎದ್ದು ನಿಂತಿತು. ಬೇರೆ ಹೆಲ್ಮೆಟ್ ಬೇಕೆಂದರೆ ಕ್ಯಾಂಪಿನ ಸ್ಟೋರಿಗೆ ಹೋಗಬೇಕು. ಸ್ಟೋರು, ಕ್ಯಾಂಪು ಎರಡೂ ಇದ್ದದ್ದು ಸುಬೇದಾರನ ಕೈಯಲ್ಲಿ. ನಮ್ಮ ಸೈನ್ಯದಿಂದ ನಿವೃತ್ತನಾಗಿ ಬಂದ ಆಸಾಮಿ, ಎಲ್ಲರಿಗೂ ಅವನು 'ಸುಬೇದಾರ್ ಸಾಬ್'. ಕೈಯಲ್ಲಿ ಸದಾ ಒಂದು ಬೆತ್ತ. ತಡವಾಗಿ ಎದ್ದವರನ್ನು ಕಿವಿ ಹಿಡಿಸಿ ಕುಕ್ಕರಗಾಲಿನಲ್ಲಿ ನಡೆಸುವುದು, ಎದುರು ಮಾತಾಡಿದವರ ಬೆನ್ನಿಗೆ ಬಾರಿಸುವುದು ಅವನ ನಿತ್ಯದ ಕಾರ್ಯಕ್ರಮ. ಅವನ ಕಣ್ಣಿಗೆ ಈ ಹೆಲ್ಮೆಟ್ ಬೀಳದಿರಲಿ ಎಂಬುದೊಂದೇ ನಮ್ಮಿಬ್ಬರ ಪ್ರಾರ್ಥನೆಯಾಯಿತು. ಸಂಜೆ ಕ್ಯಾಂಪಿಗೆ ಒಯ್ಯದೆ ಬಸಪ್ಪ ಅದನ್ನು ನನ್ನ ಕ್ಯಾಬಿನ್ನಿನಲ್ಲೇ ಬಿಟ್ಟುಹೋಗುತ್ತಿದ್ದ.

ಮುಂದಿನ ಶುಕ್ರವಾರ ಬಸಪ್ಪನನ್ನು ಫ್ಲ್ಯಾಟಿಗೆ ಕರೆದುಕೊಂಡು ಹೋದೆ. ಆ ಶಬ್ದ ನಿಜವಾಗಿ ಸಿನಿಮಾದ್ದೇ ಎಂದು ಅವನಿಗೆ ತೋರಿಸಲೇಬೇಕಿತ್ತು. ವಿಲ್ಸನ್, ನಾಗರಾಜ ಇಬ್ಬರೂ ಹೊರಗೆ ಹೋಗಿದ್ದರು. ಅವನು ಕುರ್ಚಿಯಲ್ಲಿ ಕೂರಲಿಲ್ಲ, ಟಿವಿಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ನಾನು ಊದಿದ ಬಾಯಲ್ಲಿ ಸಾಲು ಸಾಲಾಗಿ ಅರ್ಥ ಹೇಳಿದೆ. ಮಂಜಿನಲ್ಲಿ ಸಿಪಾಯಿ ನಡೆದಾಗ ಅವನು ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಡಿಸ್ಕ್ ಅದೇ ಜಾಗದಲ್ಲಿ ಸಿಕ್ಕಿಕೊಂಡಿತು.

"ಹಡಗ ಹತ್ತಿದ್ನೇನ್ರಿ ಅಂವಾ?"

"ಹತ್ತಿದ," ಎಂದೆ. ನನಗೇನು ಗೊತ್ತು?

"ಛಲೋ ಆತು," ಎಂದು ಅವನು ಉಸಿರು ಬಿಟ್ಟ. ಆಮೇಲೆ ಕೇಳದೆಯೇ ಹೇಳಿದ. "ಲಡಾಯ್ಯಾಗ ಗುಡ್ಡದ ಮ್ಯಾಲ ಇದ್ವಿರಿ. ನನ್ನ ಬಾಜೂಕ ನಿಪ್ಪಾಣಿ ಹುಡುಗ ಇದ್ದ. ಶೆಲ್ ಬಿತ್ತು. ಅವನ್ನ ಕಂಬಳ್ಯಾಗ ತುಂಬಿಕೊಂಡು ಕೆಳಗ ತಂದೆ. ರಜಾ ಕೊಟ್ರು, ಊರಿಗಿ ಬಂದೆ. ತಿರುಗಿ ಹೋಗೂ ದಿನ ಸ್ಟ್ಯಾಂಡಿನಾಗ ಬಸ್ ಬಂದು ನಿಂತ್ತು. ಕಾಲ ಏಳಲಿಲ್ರಿ. ಅಷ್ಟ. ಬಸಪ್ಪ ಅನ್ನಾಂವ ನಮ್ಮಣ್ಣ, ಪಾಸ್‌ಪೋರ್ಟ್ ಅವಂದು. ನನ್ನ ಹೆಸರು ಸಿದ್ರಾಮ."

ನಾಲ್ಕು ದಿನ ಕಳೆಯಿತು. ಒಂದು ಬೆಳಗ್ಗೆ ಸುಬೇದಾರ ತಪಾಸಣೆಗೆಂದು ಸೈಟಿಗೇ ಬಂದ. ಗೇಟಿನಲ್ಲಿ ನನ್ನ ಪಕ್ಕ ನಿಂತು ಬಸಪ್ಪನ ತಲೆಯನ್ನೇ ನೋಡಿದ. "ಯೇ ಕ್ಯಾ ಲಿಖಾ ಥಾ?" ಎಂದ. ಮಜಾಕು ಸಾಬ್, ಮರುಭೂಮಿಯಲ್ಲಿ ಕೆಲಸ ಮಾಡಿದವನು, ಅದಕ್ಕೆ ಹಾಗೆ ಬರೆದೆ, ಎಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕೆ. ಅವನೂ ನಕ್ಕ. ಹತ್ತು ಹೆಜ್ಜೆ ಹೋದ. ಬಸಪ್ಪ ಹೆಗಲ ಮೇಲೆ ಸರಳಿನ ಕಟ್ಟು ಹೊತ್ತು ಅವನನ್ನು ದಾಟಿದಾಗ, ಸುಬೇದಾರ ಬೆನ್ನ ಹಿಂದಿನಿಂದ ಪರೇಡಿನ ಗಂಟಲಿನಲ್ಲಿ ಒಂದೇ ಶಬ್ದ ಹೇಳಿದ.

"ಸಾವ್‌ಧಾನ್."

ಸುತ್ತ ನೂರು ಜನ ಇದ್ದರು, ಒಬ್ಬನೂ ಅಲುಗಲಿಲ್ಲ. ಬಸಪ್ಪನ ಹಿಮ್ಮಡಿಗಳು ಮಾತ್ರ ಟಕ್ಕೆಂದು ಕೂಡಿದವು, ಎರಡೂ ಕೈ ತೊಡೆಗೆ ಅಂಟಿದವು. ಸರಳಿನ ಕಟ್ಟು ಜಾರಿ ಅವನದೇ ಪಾದದ ಮೇಲೆ ಬಿತ್ತು. ಬೂಟಿನಿಂದ ರಕ್ತ ಒಸರಿದರೂ ಅವನು ಎದುರಿನ ಗೋಡೆಯನ್ನು ನೋಡುತ್ತಾ ನೆಟ್ಟಗೆ ನಿಂತೇ ಇದ್ದ. ಸುಬೇದಾರ ನಿಧಾನವಾಗಿ ಅವನನ್ನು ಒಂದು ಸುತ್ತು ಹಾಕಿ, ಬೆತ್ತದ ತುದಿಯಿಂದ ಗಲ್ಲ ಎತ್ತಿ, ಯಾವ ಪಲ್ಟನ್ ಎಂದು ಕೇಳಿದ.

ಅಂದಿನಿಂದ ಬಸಪ್ಪ ಅವನ ಸ್ವತ್ತಾದ. ರೆಜಿಮೆಂಟಿಗೆ ಒಂದು ಕಾಗದ ಹಾಕಿದರೆ ಮುಗಿಯಿತು ಎಂದು ಸುಬೇದಾರ ಹೇಳುತ್ತಿದ್ದನೇ ಹೊರತು ಹಾಕುತ್ತಿರಲಿಲ್ಲ. ಬೇರೆಯವರನ್ನು ತಾನು ಹೊಡೆದು ಸುಸ್ತಾಗುವ ಬದಲು ಇವನಿಂದ ಹೊಡೆಸತೊಡಗಿದ, ಇವನ ಕೈ ತಡೆದಾಗೆಲ್ಲ ಏಟು ಇವನಿಗೇ. ಬಸಪ್ಪನನ್ನು ಕಂಡರೆ ಕ್ಯಾಂಪಿನಲ್ಲಿ ಜನ ಉಗುಳುತ್ತಿದ್ದರು. ಒಮ್ಮೆ ಯಾರೋ ಅವನ ಹಾಸಿಗೆಯ ಮೇಲೆ ಕುದಿಯುವ ಬೇಳೆ ಸುರಿದರು, ಅವನ ತೊಡೆಯ ಚರ್ಮ ಸುಲಿದು ಬಂತು. ಯಾರು ಎಂದು ಸುಬೇದಾರ ಕೇಳಿದರೂ ಅವನು ಹೇಳಲಿಲ್ಲ.

ಒಂದು ಶುಕ್ರವಾರ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿಸಲು ನಾನು ಸನಾಯ್ಯಾದ ಕ್ಯಾಂಪಿಗೆ ಹೋಗಿದ್ದೆ. ಇಂಡಸ್ಟ್ರಿಯಲ್ ಏರಿಯಾಕ್ಕೆ ನಾವೆಲ್ಲ ಹೇಳುತ್ತಿದ್ದದ್ದು ಸನಾಯ್ಯಾ ಎಂದೇ. ನೇಪಾಳದ ಬಹದ್ದೂರ್ ಎಂಬವನನ್ನು ಅಂಗಳದಲ್ಲಿ ಮಂಡಿಯೂರಿಸಿದ್ದರು. ಕುಡಿಯುವ ನೀರಿನ ಟ್ಯಾಂಕಿಯಲ್ಲಿ ಹುಳು ಇದೆ ಎಂದು ಮ್ಯಾನೇಜರಿಗೆ ದೂರು ಕೊಟ್ಟದ್ದು ಅವನ ಅಪರಾಧ. ಅವನ ಬಲಗೈಯನ್ನು ಒಂದು ಹಲಗೆಯ ಮೇಲೆ ಇಡಿಸಿ, ಸುಬೇದಾರ ಬಸಪ್ಪನಿಗೆ ಸುತ್ತಿಗೆ ಕೊಟ್ಟು, "ತೋಡ್" ಎಂದ, ಮುರಿ ಎಂದು.

ಬಸಪ್ಪ ಅಲುಗಲಿಲ್ಲ. ಸುಬೇದಾರ ಅವನ ಸುಟ್ಟ ತೊಡೆಗೆ ಬೆತ್ತ ಬೀಸಿದ, ಅದೇ ಜಾಗಕ್ಕೆ ಮೂರು ಸಲ. ನಾಲ್ಕನೆಯದಕ್ಕೆ ಸುತ್ತಿಗೆ ಎದ್ದು ಕೆಳಗೆ ಬಂತು. ಬಹದ್ದೂರನ ಎರಡು ಬೆರಳು ಚಪ್ಪಟೆಯಾದವು. ಆ ಸದ್ದು ಒಣ ತೆಂಗಿನ ಚಿಪ್ಪು ಒಡೆದ ಹಾಗಿತ್ತು. ನಾನು ಶಾಯಿಯ ಪ್ಯಾಡ್ ಹಿಡಿದುಕೊಂಡು ಹತ್ತು ಅಡಿ ದೂರದಲ್ಲಿ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಆಮೇಲೆ ಹೆಬ್ಬೆಟ್ಟೂ ಒತ್ತಿಸಿಕೊಂಡೆ, ಎಂಥ ನಾಚಿಕೆಗೆಟ್ಟವನು ನಾನು.

ಬಚ್ಚಲುಗಳ ಹಿಂದೆ ಬಸಪ್ಪ ವಾಂತಿ ಮಾಡುತ್ತಿದ್ದ. ನನ್ನನ್ನು ಕಂಡು ಬಾಯಿ ಒರೆಸಿಕೊಂಡ.

"ಸರ್, ನನ್ನ ಕಳಸ್ರಿ."

"ಎಲ್ಲಿಗೆ? ಇಳಿದ ಕೂಡಲೇ ಹಿಡೀತಾರೆ ಮಾರಾಯ."

"ಹಿಡೀಲಿ. ನಾನಾಗೇ ಹೋಗಿ ನಿಂದರ್ತೀನಿ. ಅಲ್ಲಿ ಕೋರ್ಟ್ ಐತಿ, ಶಿಕ್ಷಾ ಐತಿ. ಒಂದಿನ ಮುಗಿತೈತಿ. ಇಲ್ಲಿ ಮುಗಿಯಂಗಿಲ್ರಿ."

ಕತಾರಿನಿಂದ ಹೊರಗೆ ಹೋಗಬೇಕಾದರೆ ಆಗ ಕಂಪನಿಯ ಎಕ್ಸಿಟ್ ಪರ್ಮಿಟ್ ಬೇಕಿತ್ತು. ಆ ಕಾಗದ ಟೈಪ್ ಮಾಡುವವನು ನಾನು. ಹಲ್ಲಿನ ವಿಷಯ ಮರೆತೇಬಿಟ್ಟೆ. ಇವನನ್ನು ವಿಮಾನ ಹತ್ತಿಸಿದರೆ ನಾನು ಮಾಡಿದ್ದು ಸರಿಹೋಗುತ್ತದೆ ಎಂಬ ಹಟ ಹಿಡಿಯಿತು. ಮಾರ್ಚಿನಲ್ಲಿ ಬಗ್ದಾದಿನ ಮೇಲೆ ಬಾಂಬು ಬಿದ್ದ ದಿನ ಆಫೀಸಿನವರೆಲ್ಲ ಟಿವಿಯ ಮುಂದೆ ಗುಂಪಾಗಿದ್ದರು. ಹೊರಗೆ ಆಕಾಶದಲ್ಲಿ ಕಿವಿ ಒಡೆಯುವಂತೆ ವಿಮಾನಗಳು ಹೋಗುತ್ತಿದ್ದವು. ಮ್ಯಾನೇಜರ್ ಕಣ್ಣು ಟಿವಿಯಲ್ಲೇ ಇಟ್ಟುಕೊಂಡು ನಾನು ಚಾಚಿದ ಕಾಗದಗಳಿಗೆ ಒಂದೊಂದಾಗಿ ಸಹಿ ಹಾಕಿದರು. ನಡುವಿನದು ಬಸಪ್ಪನದಾಗಿತ್ತು. ಕಂಪನಿ ಇಟ್ಟುಕೊಂಡಿದ್ದ ಅವನ ಪಾಸ್‌ಪೋರ್ಟನ್ನು ಆಫೀಸಿನ ಕಪಾಟಿನಿಂದ ತೆಗೆದೆ. ಎರಡು ದಿನ ಬಿಟ್ಟು, ಸಂಜೆಯ ಮುಂಬಯಿ ವಿಮಾನ.

ಆ ದಿನ ಮಧ್ಯಾಹ್ನ ಕಂಪನಿಯ ಪಿಕಪ್ಪಿನಲ್ಲಿ ಅವನನ್ನು ಸೈಟಿನಿಂದ ಕೂರಿಸಿಕೊಂಡು ಹೊರಟೆ. ನೇರ ಏರ್‌ಪೋರ್ಟಿಗೆ ಹೋಗೋಣ ಎಂದೆ. ಅವನು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಕ್ಯಾಂಪಿಗೆ ಹೋಗಬೇಕ್ರಿ. ಕಂಬಳಿ, ಹೆಲ್ಮೆಟ್ ಎಲ್ಲಾ ಸ್ಟೋರಿಗೆ ಒಪ್ಪಸಬೇಕು. ಸಹಿ ಆಗಬೇಕು."

"ನಿನಗೇನು ಹುಚ್ಚಾ? ಒಂದು ಹೆಲ್ಮೆಟ್ಟಿಗೆ ಯಾರು ಕೇಳ್ತಾರೆ? ಕಿಟಕಿಯಿಂದ ಬಿಸಾಡು."

"ಬ್ಯಾಡ್ರಿ. ಒಮ್ಮೆ ಸಾಮಾನ ಒಪ್ಪಸದ ಬಂದೀನಿ," ಎಂದ. "ಈ ಸಲ ಹಂಗ ಹೋಗಾಂಗಿಲ್ಲ."

ಬೈದೆ, ಗೋಗರೆದೆ. ಅವನು ರಸ್ತೆ ನೋಡುತ್ತಾ ಕುಳಿತ. ಕೊನೆಗೆ ಗಾಡಿಯನ್ನು ಕ್ಯಾಂಪಿನ ಕಡೆ ತಿರುಗಿಸಿದವನು ನಾನೇ.

ಸ್ಟೋರಿನಲ್ಲಿ ಸುಬೇದಾರನೇ ಕುಳಿತಿದ್ದ. ನಾನು ಬಾಗಿಲಲ್ಲಿ ನಿಂತೆ. ಬಸಪ್ಪ ಮಡಿಸಿದ ಕಂಬಳಿ, ಅದರ ಮೇಲೆ ಹೆಲ್ಮೆಟ್, ಪಕ್ಕದಲ್ಲಿ ಕಾಗದ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಸುಬೇದಾರ ಪರ್ಮಿಟ್ಟನ್ನು ನಿಧಾನವಾಗಿ ಓದಿದ, ನನ್ನ ಕಡೆ ಒಮ್ಮೆ ನೋಡಿದ. "ಸಾವ್‌ಧಾನ್," ಎಂದ. ಹಿಮ್ಮಡಿಗಳು ಕೂಡಿದವು. ಬೆತ್ತ ಬಸಪ್ಪನ ಮುಖಕ್ಕೆ ಅಡ್ಡಲಾಗಿ ಬಿತ್ತು. ಕೆನ್ನೆಯ ಮೇಲೆ ಬಿಳಿ ಗೆರೆ ಎದ್ದು, ಕೆಂಪಾಗಿ, ಒಡೆಯಿತು. ಎರಡು, ಮೂರು, ನಾಲ್ಕು. ತುಟಿ ಸೀಳಿತು. ಏಳರವರೆಗೆ ಎಣಿಸಿದೆ. ಅವನು ರೆಪ್ಪೆ ಮಿಟುಕಿಸಲಿಲ್ಲ. ಆ ಏಟುಗಳನ್ನೆಲ್ಲ ತಿಂದು ಸಹಿ ತೆಗೆದುಕೊಂಡು ಹೋಗುವ ನಿರ್ಧಾರ ಅವನದಾಗಿತ್ತು, ನನಗೆ ಅದು ಕಾಣಿಸುತ್ತಿತ್ತು.

ಸುಬೇದಾರ ಹೊರಗೆ ಕೂಗಿ ಬಹದ್ದೂರನನ್ನು ಕರೆಸಿದ. ಅವನ ಬಲಗೈಗೆ ಇನ್ನೂ ಬ್ಯಾಂಡೇಜ್ ಇತ್ತು. ಎಡಗೈಯನ್ನು ಮೇಜಿನ ಮೇಲೆ ಎಳೆದಿಟ್ಟು ಸುಬೇದಾರ ಹಿಂದಿಯಲ್ಲಿ ಹೇಳಿದ: "ಇದನ್ನೂ ಮುರಿ. ಸಹಿ ಹಾಕುತ್ತೇನೆ, ಹೋಗು."

ಬಸಪ್ಪನ ಹಿಮ್ಮಡಿಗಳು ಬೇರೆಯಾದವು. ಹೆಲ್ಮೆಟ್ ಎತ್ತಿದ್ದು ನನಗೆ ಕಾಣಲೇ ಇಲ್ಲ, ಇಳಿದದ್ದು ಕಂಡಿತು. ಅದರ ಅಂಚು ಸುಬೇದಾರನ ಬಲಗಣ್ಣಿಗೆ ಕೂತಿತು. ಕುರ್ಚಿ ಮಗುಚಿತು. ಬಸಪ್ಪ ಅವನ ಮೇಲೆ ಕೂತು ಎರಡೂ ಕೈಯಲ್ಲಿ ಹಿಡಿದು ಬಡಿದ, ಮತ್ತೆ ಬಡಿದ. ಪ್ಲಾಸ್ಟಿಕ್ ಸೀಳಿತು, ಸೀಳಿದ ಅಂಚು ಮಾಂಸಕ್ಕೆ ಇಳಿಯಿತು. ಬಹದ್ದೂರ್ ತನ್ನ ಒಂದು ಒಳ್ಳೆಯ ಕೈಯಿಂದ ಬಸಪ್ಪನ ಕಾಲರ್ ಹಿಡಿದು ಎಳೆಯುತ್ತಿದ್ದ, ಬೇಡ ಭಾಯ್, ಬೇಡ ಎಂದು ಅಳುತ್ತಿದ್ದ.

ಮತ್ತೆ ನಾನು? ನಾನು ಓಡಿದೆ. ಪಿಕಪ್ ಹತ್ತಿ ವೆಸ್ಟ್ ಬೇಯ ಸೈಟಿಗೆ ಬಂದು, ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು, ಸಂಜೆಯ ಹಾಜರಿ ತುಂಬಿದೆ. ಗೆರೆಗಳೆಲ್ಲ ಸೊಟ್ಟ.

ಮೂರನೆಯ ದಿನ ಪೊಲೀಸ್ ಠಾಣೆಯಿಂದ ಕರೆ ಬಂತು. ಸುಬೇದಾರ ಬದುಕಿದ್ದ, ಒಂದು ಕಣ್ಣು ಹೋಗಿತ್ತು. ಕಾರಣವಿಲ್ಲದೆ ಮೇಲೆ ಬಿದ್ದ ಎಂದು ಹೇಳಿಕೆ ಕೊಟ್ಟಿದ್ದ. ಬಹದ್ದೂರ್ ಹೆದರಿ, ತಾನು ಏನೂ ನೋಡಿಲ್ಲ ಎಂದಿದ್ದ. ಬಸಪ್ಪ ಹೇಳಿದ್ದು ಒಂದೇ ಮಾತಂತೆ: ಟೈಮ್‌ಕೀಪರ್ ಸಾಹೇಬ್ರನ್ನ ಕೇಳ್ರಿ, ಅವರಿಗೆ ಎಲ್ಲಾ ಗೊತ್ತೈತಿ.

ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿ ಚಹಾ ತರಿಸಿದರು. ಪಕ್ಕದಲ್ಲಿ ಹಿಂದಿ ಬಲ್ಲ ಮಲಯಾಳಿ ದುಭಾಷಿ. ಎದುರು ಬೇಡಿ ಹಾಕಿದ ಬಸಪ್ಪ, 'ಇವರು ಹೇಳ್ತಾರ' ಎಂಬ ಹಾಗೆ ನನ್ನನ್ನೇ ನೋಡುತ್ತಿದ್ದ. ಮುಖದ ಗೆರೆಗಳು ಕಪ್ಪಾಗಿದ್ದವು. ಅಧಿಕಾರಿ ಪ್ಲಾಸ್ಟಿಕ್ ಚೀಲದಿಂದ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟರು. ನಡುವೆ ಸೀಳು, ಸೀಳಿನಲ್ಲಿ ಒಣಗಿದ ರಕ್ತ, ಹಣೆಯ ಮೇಲೆ ಆ ಮಾಸಲು ಅಕ್ಷರಗಳು. ಇದನ್ನು ಬರೆದದ್ದು ಯಾರು? ಈ ಸುಬೇದಾರ ಇವನಿಗೆ ಹೊಡೆಯುತ್ತಿದ್ದನೇ? ಅವತ್ತು ನೀನು ಅಲ್ಲಿದ್ದೆಯಾ?

ನನ್ನ ಅಂಗಿಯ ಜೇಬಿನಲ್ಲಿ ಐರಿನ್ ಮತ್ತು ಮಗಳ ಫ್ಯಾಮಿಲಿ ವೀಸಾ ಇತ್ತು. ಎರಡು ವರ್ಷ ಕಾದು, ಹಿಂದಿನ ದಿನವಷ್ಟೇ ಸಿಕ್ಕಿದ್ದು. ಬರೆದದ್ದು ನಾನು ಎಂದರೆ ಪರ್ಮಿಟ್ ಕಳ್ಳತನದಲ್ಲಿ ಸಹಿ ಮಾಡಿಸಿದ್ದೂ ಹೊರಗೆ ಬರುತ್ತದೆ. ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಜೈಲೂ ಆಗಬಹುದು. ಇದನ್ನೆಲ್ಲ ಯೋಚಿಸಿದೆ ಎಂದು ಈಗ ಹೇಳುತ್ತಿದ್ದೇನೆ. ನಿಜಕ್ಕೂ ಯೋಚಿಸಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಮಾಫಿ ಮಾಲೂಮ್," ಎಂದೆ. ಗೊತ್ತಿಲ್ಲ. ಮೂರು ಪ್ರಶ್ನೆಗೂ ಅದೊಂದೇ ಉತ್ತರ.

ಬಸಪ್ಪ ಸ್ವಲ್ಪ ಹೊತ್ತು ನೋಡಿದ. ಸಿಟ್ಟು ಬರಲಿಲ್ಲ ಅವನಿಗೆ, ಬರಬೇಕಾಗಿತ್ತು. ಇನ್ನೆರಡು ಹಲ್ಲು ಉದುರಿಸಿದ್ದರೆ ನಾನು ಇಷ್ಟು ವರ್ಷ ನೆಮ್ಮದಿಯಾಗಿರುತ್ತಿದ್ದೆ. ಸೀಳಿದ ತುಟಿಯಲ್ಲಿ ಮೆಲ್ಲಗೆ ಹೇಳಿದ:

"ಆತು ಬಿಡ್ರಿ ಸರ್. ನೀವು ಹಡಗ ಹತ್ರಿ."

ಏನಂತೆ, ಎಂದು ದುಭಾಷಿ ನನ್ನನ್ನು ಕೇಳಿದ. "ಏನಿಲ್ಲ, ಸಲಾಂ ಹೇಳಿದ," ಎಂದೆ.

ನಾನು ಹತ್ತಿದೆ. ಮೇ ತಿಂಗಳಲ್ಲಿ ಐರಿನ್ ಮಗಳನ್ನು ಎತ್ತಿಕೊಂಡು ಬಂದಳು. ಅಲ್ ಸದ್ದ್‌ನಲ್ಲಿ ಬೇರೆ ಫ್ಲ್ಯಾಟ್ ಹಿಡಿದು ಆರು ವರ್ಷ ಸುಖವಾಗಿದ್ದೆವು. ಹೊಸ ಹಲ್ಲು ಕಟ್ಟಿಸಿಕೊಂಡೆ. ಹೆಲ್ಮೆಟ್ಟುಗಳ ಮೇಲೆ ಆಮೇಲೆ ಬರೀ ನಂಬರ್ ಬರೆದೆ. ಬಸಪ್ಪನಿಗೆ ಎಷ್ಟು ವರ್ಷ ಶಿಕ್ಷೆಯಾಯಿತು, ಮುಗಿಸಿ ಊರಿಗೆ ಹೋದನೇ, ರೆಜಿಮೆಂಟಿನ ಮುಂದೆ ನಿಂತನೇ, ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ತಿಳಿದುಬಿಡುತ್ತದಲ್ಲ. ಆ ಸಿನಿಮಾ ಈಗ ಫೋನಿನಲ್ಲೇ ಸಿಗುತ್ತದಂತೆ. ಅದರ ಕೊನೆಯನ್ನೂ ನೋಡಿಲ್ಲ.

ಕಳೆದ ವಾರ ಪೇಂಟರ್ ಬ್ರಷ್ ಅದ್ದಿಕೊಂಡು, "ಎಂತ ಬರೀಲಿ ಸರ್?" ಎಂದಾಗ ಅವನಿಗೆ ಬೆನ್ನು ಹಾಕಿದೆ. ಒಳಗೆ ಬಂದು ಕೂತೆ. ಐರಿನ್ ನೀರು ತಂದು ಕೊಟ್ಟು, ಎಂತಾಯ್ತು ಎಂದಳು. ಎಲ್ಲವನ್ನೂ ಹೇಳಿದೆ, ಮೊದಲ ಸಲ.

"ಆರು ವರ್ಷ ನಾನು ಅಲ್ಲಿ ಅಡುಗೆ ಮಾಡಿದೆ," ಎಂದಳು. "ಒಂದು ಮಾತು ಹೇಳಲಿಲ್ಲ ನೀವು." ಎದ್ದು ಹೋಗಿ ಪೇಂಟರನ್ನು ಕಳಿಸಿಬಿಟ್ಟಳು. ಗೇಟು ಇನ್ನೂ ಹಾಗೆಯೇ ಇದೆ.

ಅವತ್ತು ಠಾಣೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಇಲ್ಲಿ ಬರೆಯುತ್ತೇನೆ. ಹೊಡೆಯುತ್ತಿದ್ದ, ದಿನಾ ಹೊಡೆಯುತ್ತಿದ್ದ. ನಾನು ಅಲ್ಲಿದ್ದೆ, ಬಾಗಿಲಲ್ಲೇ ನಿಂತಿದ್ದೆ. ಹೆಲ್ಮೆಟ್ಟಿನ ಮೇಲಿನ ಆ ಹೆಸರು ನನ್ನ ಕೈಬರಹ, ಮತ್ತು ಅದು ಸಿದ್ರಾಮನದಲ್ಲ, ನನ್ನದು.